ನೆನಪಿಲ್ಲವೆಂದ ಪಾಠ

ನಸ್ರೀನ್, ಅವತ್ತು ಸಮುದಾಯ ಭವನದಲ್ಲಿ ಅಷ್ಟು ಜನರ ಮುಂದೆ "ನನಗೆ ನೆನಪಿಲ್ಲಮ್ಮ" ಎಂದೆನಲ್ಲ — ಅದು ಸುಳ್ಳು. ನನಗೆ ನೆನಪಿತ್ತು. ಆ ಪಾಠ ಮಾಡಿದ ಕೋಣೆ, ಕಪ್ಪುಹಲಗೆಯ ಮೇಲೆ ನಾನು ಬರೆದ ಚಿತ್ರ, ಕಿಟಕಿಯ ಪಕ್ಕ ಕೂತು ನೀನು ಕೇಳಿದ ಪ್ರಶ್ನೆ — ಎಲ್ಲವೂ ನೆನಪಿತ್ತು. ನೆನಪಿಟ್ಟುಕೊಂಡೇ ಹಾಗೆ ಹೇಳಿದೆ.

ಇದನ್ನು ಬರೆಯಲು ಕೂತು ಎದ್ದು, ಮತ್ತೆ ಕೂತು ಎದ್ದು — ಎಷ್ಟು ಸಲವೋ. ನಿನ್ನೊಬ್ಬಳಿಗೇ ಬರೆದು ಮುಗಿಸಿಬಿಡಬಹುದಿತ್ತು. ಆದರೆ ಸುಳ್ಳನ್ನು ಊರ ಮುಂದೆ ಹೇಳಿ, ಕ್ಷಮೆಯನ್ನು ಗುಟ್ಟಾಗಿ ಕೇಳುವುದು... ಅದೂ ಒಂದು ಬಗೆಯ ತಪ್ಪಿಸಿಕೊಳ್ಳುವಿಕೆಯೇ. ಆದ್ದರಿಂದ ನಮ್ಮನ್ನು ಅರಿಯದವರೂ ಓದಲಿ ಎಂದು ಮೊದಲಿನಿಂದ ಹೇಳುತ್ತೇನೆ.

ನಾನು ದೊಡ್ಡಬಳ್ಳಾಪುರದ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದವಳು. ನೀನು ಅಲ್ಲಿ ನನ್ನ ವಿದ್ಯಾರ್ಥಿನಿ. ಈಗ ಅದೇ ಊರಿನ ಇನ್ನೊಂದು ಕಾಲೇಜಿನಲ್ಲಿ ಅದೇ ವಿಷಯ ಕಲಿಸುತ್ತೀಯೆ. ನನ್ನ ಮನೆಯ ಹಿಂದೆಯೇ ತಮ್ಮ ನಾಗರಾಜುವಿನ ಮಗ್ಗದ ಶೆಡ್ಡು. ಮೇಲೆ ಶೀಟು, ಸುತ್ತ ಗೋಡೆ. ಗಾಳಿಗೆ ಎಳೆ ಅಲುಗಾಡುತ್ತದೆಂದು ಫ್ಯಾನನ್ನೂ ಹಾಕುವಂತಿಲ್ಲ. ಬೇಸಿಗೆಯ ಮಧ್ಯಾಹ್ನ ಒಳಗೆ ಕಾಲಿಟ್ಟರೆ ಮುಖಕ್ಕೆ ಒಲೆಯ ಝಳ ಹೊಡೆದ ಹಾಗಿರುತ್ತದೆ. ಊರಿನಲ್ಲಿ ಅಂಥ ಶೆಡ್ಡುಗಳು ಬೀದಿಬೀದಿಗೂ ಇವೆ.

ಕೆಲವು ವರ್ಷಗಳ ಹಿಂದೆ ನೀನು ಮಗ್ಗದ ಕೆಲಸದ ಹೆಂಗಸರೊಂದಿಗೆ ಸೇರಿ ಒಂದು ಬೇಡಿಕೆ ಇಟ್ಟೆ — ಬೇಸಿಗೆಯಲ್ಲಿ ಬಿಸಿಲು ನೆತ್ತಿಗೇರಿದ ಹೊತ್ತು ಮಗ್ಗ ನಿಲ್ಲಿಸಬೇಕು, ಶೀಟಿನ ಮೇಲೆ ಏನಾದರೂ ಹೊದಿಸಬೇಕು. ಭೂಮಿ ಬಿಸಿಯಾಗುತ್ತಿದೆ, ಅದಕ್ಕೆ ನಾವು ಸುಡುವ ಕಲ್ಲಿದ್ದಲು, ಪೆಟ್ರೋಲು ಕಾರಣ, ಈ ಸೆಕೆ ಒಂದು ವರ್ಷದ ಪಾಡಲ್ಲ, ಮುಂದೆಯೂ ಏರುತ್ತದೆ, ಈಗಲೇ ಅಣಿಯಾಗಬೇಕು ಎಂದು ಬೀದಿಬೀದಿಯಲ್ಲಿ ನಿಂತು ಹೇಳಿದೆ. ನನ್ನ ಮನೆಗೂ ಬಂದೆ. "ನೀವು ಒಂದ್ಸಲ ಬಂದು ನಮ್ ಜೊತೆ ಕೂತ್ಕೊಂಡ್ರೆ ಸಾಕು ಮೇಡಂ, ಮಾತಾಡೋದೂ ಬೇಡ" ಎಂದೆ. ನಾನು ಮಂಡಿನೋವು ಎಂದೆ. ಮಂಡಿನೋವು ಇದ್ದದ್ದು ನಿಜ — ಆದರೆ ಕಾರಣ ಅದಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಮಗ್ಗದ ಮಾಲೀಕರು ಕೆಲವರು ಬಂದರು. ಅವರ ಹಿಂದೆ ನಾಗರಾಜು, ಬಾಗಿಲ ಬಳಿಯೇ ನಿಂತಿದ್ದ.

"ಮೇಡಂ, ಆ ಹುಡುಗಿ ಸೈನ್ಸು ಗೀನ್ಸು ಅಂತ ಏನೇನೋ ಹೇಳ್ತಾವ್ಳೆ. ನಾವು ಓದ್ದೇ ಇರೋರು, ಏನಂತ ಉತ್ರ ಕೊಡಾನ? ನೀವು ಬಂದು ಎರಡು ಮಾತಾಡಿ."

"ಅವಳು ನನ್ನ ಸ್ಟೂಡೆಂಟು" ಎಂದೆ.

"ಹಂಗಾದ್ರೆ ಇನ್ನೂ ಒಳ್ಳೇದಾಯ್ತು ಬಿಡಿ. ನಿಮ್ಮಷ್ಟು ತಿಳ್ದೋರು ಈ ಊರಾಗೆ ಯಾರವ್ರೆ?"

ಆ ಮಾತು — ಅದನ್ನು ಕೇಳಿ ಎಷ್ಟು ಕಾಲವಾಗಿತ್ತು! ನಿವೃತ್ತಿಯಾದ ಮೇಲೆ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ತರಕಾರಿ ಮಾರ್ಕೆಟ್ಟಿನಲ್ಲಿ ನನ್ನ ಎದುರೇ ಹೆಂಗಸರು, ನಸ್ರೀನ್ ಮೇಡಂ ಎಷ್ಟು ಚೆನ್ನಾಗಿ ತಿಳಿಸಿ ಹೇಳುತ್ತಾರೆ, ಭೂಮಿಗೆ ಹೊದಿಸಿದ ಕಂಬಳಿ ದಪ್ಪವಾಗುತ್ತಿದೆಯಂತೆ ಎಂದು ಮಾತಾಡಿಕೊಳ್ಳುತ್ತಿದ್ದರು. ಆ ಕಂಬಳಿ ನನ್ನದು. ಶಾಖವನ್ನು ಹಿಡಿದಿಡುವ ಇಂಗಾಲದ ಅನಿಲಕ್ಕೆ ನನ್ನ ತರಗತಿಯಲ್ಲಿ ನಾನು ಕೊಟ್ಟ ಉದಾಹರಣೆ ಅದು. ತಮ್ಮನ ಮಗ್ಗಗಳಿಗಾಗಿ ಮಾತಾಡಲು ಒಪ್ಪಿದೆನೆಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಪೂರ್ತಿ ನಿಜವಲ್ಲ, ನಸ್ರೀನ್. ತಮ್ಮ ನನ್ನನ್ನು ಕೇಳಲೇ ಇಲ್ಲ. ಬಾಗಿಲ ಬಳಿ ಸುಮ್ಮನೆ ನಿಂತಿದ್ದ, ಅಷ್ಟೆ. ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು. ನಾನೇ ಕಲಿಸಿದ ಹುಡುಗಿಯ ಮೇಲೆ, ನಾನು ಕಲಿಸಿದ್ದನ್ನು ನನಗಿಂತ ಚೆನ್ನಾಗಿ ಹೇಳುತ್ತಿದ್ದಾಳೆಂದು...

ನಿಮ್ಮ ಬೇಡಿಕೆಯ ಬಗ್ಗೆ ಸಮುದಾಯ ಭವನದಲ್ಲಿ ಕರೆದ ಸಭೆಯಲ್ಲಿ ಮೊದಲು ನೀನು ಮಾತಾಡಿದೆ. ಆಮೇಲೆ ನಾನು.

ನಾನು ಆಡಿದ ಬಿಡಿ ಮಾತುಗಳಲ್ಲಿ ಸುಳ್ಳು ಕಡಿಮೆ. ಅದೇ ನನ್ನ ಜಾಣತನ. ಹವಾಮಾನ ಹಿಂದೆಯೂ ಬದಲಾಗಿದೆ ಎಂದೆ — ನಿಜ. ಕೆರೆ ಮುಚ್ಚಿದೆವು, ಮರ ಕಡಿದೆವು, ಊರು ಬಿಸಿಯೇರದೆ ಇನ್ನೇನಾದೀತು ಎಂದೆ — ಅದೂ ನಿಜ. ಸೂರ್ಯನ ಶಾಖದಲ್ಲೇ ಏರಿಳಿತವಿದೆ, ವಿಜ್ಞಾನಿಗಳೇ ತಮ್ಮತಮ್ಮಲ್ಲಿ ಇನ್ನೂ ಜಗಳವಾಡುತ್ತಿದ್ದಾರೆ ಎಂದೆ. ಜಗಳವಾಡುತ್ತಾರೆ, ಹೌದು — ಎಷ್ಟು ಏರೀತು, ಎಷ್ಟು ಬೇಗ, ಯಾವ ಊರಿನ ಮಳೆ ಹೆಚ್ಚೀತು, ಯಾವ ಊರಿನದು ತಪ್ಪೀತು ಎಂದು. ಭೂಮಿ ಬಿಸಿಯಾಗುತ್ತಿದೆ, ಅದು ನಮ್ಮಿಂದಲೇ ಎಂಬುದರ ಬಗ್ಗೆ ಅಲ್ಲ. ಆ ಎರಡು ಜಗಳಗಳ ನಡುವಿನ ವ್ಯತ್ಯಾಸ ಆ ಭವನದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ನನಗೆ, ನಿನಗೆ. ನಾನು ಅದನ್ನು ಮುಚ್ಚಿಟ್ಟೆ.

ನೀನು ಎದ್ದು ನಿಂತೆ. ದನಿ ಏರಿಸಲಿಲ್ಲ.

"ಸೂರ್ಯನಿಂದ ಆಗಿದ್ರೆ ಮೇಲಿನ ವಾತಾವರಣಾನೂ ಬಿಸಿಯಾಗ್ಬೇಕಿತ್ತಲ್ವಾ ಮೇಡಂ? ಕೆಳಗಡೆ ಬಿಸಿ ಆಗ್ತಿದೆ, ಮೇಲೆ ತಣ್ಣಗಾಗ್ತಿದೆ. ಅಂದ್ರೆ ಶಾಖಾನ ಕೆಳಗಡೆನೇ ಏನೋ ಹಿಡಿದಿಟ್ಕೊಂಡಿದೆ ಅಂತ. ಇದನ್ನ ನಮಗೆ ಹೇಳ್ಕೊಟ್ಟಿದ್ದೇ ನೀವು."

ನಾಲಿಗೆಯ ತುದಿಗೆ 'ಹೌದು' ಬಂದಿತ್ತು. ಬಂದಿತ್ತು ಎಂದು ಈಗ ಹೇಳುವುದಕ್ಕೆ ಏನು ಅರ್ಥ — ಆದರೂ ಬಂದಿತ್ತು. ಮುಂದಿನ ಸಾಲಿನಲ್ಲಿ ಕೂತವರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ನಕ್ಕೆ. ದಡ್ಡ ಮಕ್ಕಳ ಪ್ರಶ್ನೆಗೆ ಮೇಷ್ಟರುಗಳು ನಗುವ ನಗು.

"ನನಗೆ ನೆನಪಿಲ್ಲಮ್ಮ" ಎಂದೆ. "ಬೇರೆ ಎಲ್ಲೋ ಓದಿ ನನ್ನ ಹೆಸರು ಸೇರಿಸ್ಕೊಂಡಿರ್ಬೇಕು ನೀನು."

ಭವನ ಗೊಳ್ಳೆಂದಿತು. ನೀನು ಮೈಕು ಕೆಳಗಿಳಿಸಿ, "ಸರಿ ಮೇಡಂ" ಎಂದು ಕೂತೆ. ಅಷ್ಟೇ. ಇನ್ನೊಂದು ಮಾತು ಆಡಿದ್ದರೆ, ನನ್ನನ್ನು ಬೈದಿದ್ದರೆ... ಇಲ್ಲ, ಇದನ್ನು ನಿನ್ನ ಮೇಲೆ ಹಾಕಲಾರೆ.

ವಿಜ್ಞಾನ ಓದಿದವರೇ ಒಪ್ಪದ ಮೇಲೆ ನಾವ್ಯಾಕೆ ಮಗ್ಗ ನಿಲ್ಲಿಸಬೇಕು ಎಂದು ಮಾಲೀಕರು ಬೇಡಿಕೆಯನ್ನು ತಳ್ಳಿಹಾಕಿದರು. ನನಗೆ ಶಾಲು ಹೊದಿಸಿದರು. ನನ್ನ ಆ ನಗು, ಆ ಮಾತು ಊರಿನ ಮೊಬೈಲುಗಳಲ್ಲೆಲ್ಲ ಓಡಾಡಿತು. ನೀನು ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಪಡ್ಡೆ ಹುಡುಗರು "ನೆನಪಿಲ್ಲಮ್ಮಾ" ಎಂದು ರಾಗ ಎಳೆಯುತ್ತಿದ್ದರೆಂದು ಕೇಳಿದೆ. ಸಿಲಬಸ್ ಬಿಟ್ಟು ಬೇರೆ ಏನೂ ಮಾತಾಡಬೇಡಿ ಎಂದು ನಿನ್ನ ಕಾಲೇಜಿನವರು ತಾಕೀತು ಮಾಡಿದ್ದನ್ನೂ ಕೇಳಿದೆ. ಆ ವರ್ಷವೂ ರಂಜಾನಿಗೆ ನಿಮ್ಮ ಅಮ್ಮಿ ಎಂದಿನಂತೆ ಶೀರ್ ಖುರ್ಮಾ ಪಾಯಸ ಕಳಿಸಿದರು. ಡಬ್ಬಿ ತೆಗೆದುಕೊಂಡೆ, ಬಾಯಿಗೆ ಇಡಲಾಗಲಿಲ್ಲ, ಪಕ್ಕದ ಮನೆಗೆ ಕೊಟ್ಟೆ. ಮುಂದಿನ ವರ್ಷದಿಂದ ಡಬ್ಬಿ ಬರಲಿಲ್ಲ.

ಸಭೆಯಾದ ಮರುವರ್ಷದ ಬೇಸಿಗೆಯಲ್ಲಿ ಲಕ್ಷ್ಮೀದೇವಮ್ಮ ಬಿದ್ದಳು. ತಮ್ಮನ ಶೆಡ್ಡಿನಲ್ಲಿ ನೂಲು ಸುತ್ತುವ ಕೆಲಸ ಅವಳದು. ಊರಿನ ಎಲ್ಲರ ಮದುವೆಯಲ್ಲೂ ಸೋಬಾನೆ ಹಾಡಲು ಅವಳೇ ಬೇಕು, ಅಂಥ ಕಂಠ. ಮಧ್ಯಾಹ್ನ ಊಟ ಮುಗಿಸಿ ನಾನು ಅಡ್ಡಾಗಿದ್ದೆ. ಮಗ್ಗಗಳ ಸದ್ದು ಒಂದೊಂದಾಗಿ ನಿಂತಿತು. ಹಾಗೆ ನಿಂತರೆ ಏನೋ ಅನಾಹುತವಾಗಿದೆ ಎಂದೇ ನಮ್ಮ ಬೀದಿಯವರಿಗೆ ಅರ್ಥ. ಓಡಿದೆ. ಅವಳ ಮೈ ಕೆಂಡ. ಒಂದು ಹನಿ ಬೆವರಿಲ್ಲ. ಏನೇನೋ ಬಡಬಡಿಸುತ್ತಿದ್ದಳು. ಸೀರೆಯ ಮೇಲೆ ಕೊಡ ಕೊಡ ನೀರು ಸುರಿದು, ನಾನೂ ನಾಗರಾಜುವೂ ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು.

ಉಳಿದಳು. ಆದರೆ ಮಾತು ತೊದಲಿತು. ಈಗ ನಡೆಯಲು ಗೋಡೆ ಹಿಡಿಯಬೇಕು. ಬಿಸಿಲು ಮಿದುಳಿಗೆ ಏಟು ಕೊಟ್ಟಿದೆ ಎಂದರು ಡಾಕ್ಟರು.

ಅವಳು ಬಿದ್ದ ಆ ಒಂದು ದಿನದ ಬಿಸಿಲನ್ನು ಹವಾಮಾನದ ಬದಲಾವಣೆಯ ತಲೆಗೇ ಕಟ್ಟಲು ಬರುವುದಿಲ್ಲ — ಈ ಶಾಸ್ತ್ರ ಓದಿದವಳಾಗಿ ಅದನ್ನೂ ಹೇಳಬೇಕು. ಆದರೆ ನಿನ್ನ ಮಾತು ನಡೆದಿದ್ದರೆ ಆ ಹೊತ್ತಿನಲ್ಲಿ ಮಗ್ಗ ನಿಂತಿರುತ್ತಿತ್ತು. ಅವಳು ಆ ಶೀಟಿನ ಕೆಳಗೆ ಇರುತ್ತಿರಲಿಲ್ಲ. ಇದಕ್ಕೆ ಯಾವ ಸಂಶೋಧನೆಯೂ ಬೇಕಿಲ್ಲ.

ಆಸ್ಪತ್ರೆಯ ಪಡಸಾಲೆಯಲ್ಲಿ ನಾಗರಾಜು ತಲೆ ಹಿಡಿದು ಕೂತಿದ್ದ. ಒದ್ದೆ ಅಂಗಿ. ನನ್ನ ಕಡೆ ನೋಡದೆಯೇ ಹೇಳಿದ: "ಹೋದ್ ವರ್ಷ್ವೇ ನಿಲ್ಸಿಬಿಡಾನ ಅಂತಿದ್ದೆ ಕಣಕ್ಕಾ. ಆ ನಸ್ರೀನ್ ಹೇಳಿದ್ದು ಕೇಳಿ ನಂಗೂ ಭಯ ಆಗಿತ್ತು. ನೀನು ಹಂಗೇನಿಲ್ಲ ಅಂದ್ಯಲ್ಲ... ಅಕ್ಕನೇ ಹೇಳವ್ಳೆ ಅಂತ ಧೈರ್ಯವಾಗಿದ್ದೆ."

ಅವನು ನಂಬಿದ್ದ. ಅಲ್ಲಿಯವರೆಗೂ ನಾನು ಏನೆಂದುಕೊಂಡಿದ್ದೆ ಗೊತ್ತೇ? ಸಭೆಯ ಮಾತು ಸಭೆಗೆ, ಮಾಲೀಕರಿಗೆ ಒಂದು ನೆಪ ಬೇಕಿತ್ತು, ಕೊಟ್ಟೆ; ಒಳಗೊಳಗೆ ಅವರಿಗೂ ನಿಜ ಗೊತ್ತಿರುತ್ತದೆ ಎಂದು. ಇಲ್ಲ. ನನ್ನ ಒಡಹುಟ್ಟಿದವನು ನಿನ್ನ ಮಾತನ್ನು ಕೇಳಿ ಹೆದರಿ, ಸರಿಯಾದದ್ದನ್ನು ಮಾಡಲು ಹೊರಟಿದ್ದ. ನಾನು ತಡೆದೆ.

"ನಾನು ಸುಳ್ಳು ಹೇಳಿದೆ ನಾಗರಾಜು" ಎಂದೆ. "ಅವಳು ಹೇಳಿದ್ದೇ ಸರಿ. ನಂಗೆ ಗೊತ್ತಿತ್ತು."

ಅವನು ಒದ್ದೆ ಅಂಗಿಯ ತುದಿ ಹಿಂಡಿದ. ಆಮೇಲೆ, "ಯಾಪಾರ ಮಾಡೋರು ನಾವು, ನಾವು ಹೇಳಿದ್ರೆ ಜನ ಅರ್ಧ ಬಿಟ್ಟು ಕೇಳ್ತಾರೆ. ನೀನು ಪಾಠ ಹೇಳೋಳಲ್ವೇನಕ್ಕಾ" ಎಂದ. ಎದ್ದು ಹೋಗಿ ಲಕ್ಷ್ಮೀದೇವಮ್ಮನ ಮಗಳ ಪಕ್ಕ ಕೂತ.

ಮರುದಿನದಿಂದಲೇ ಅವನ ಶೆಡ್ಡಿನಲ್ಲಿ ಮಧ್ಯಾಹ್ನ ಮಗ್ಗ ನಿಂತಿತು. ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿದ. ಬೇರೆ ಮಾಲೀಕರು, "ನಿಮ್ಮಕ್ಕನೇ ಏನಿಲ್ಲ ಅಂದವ್ರೆ, ನಿಂದೇನ್ ಗುರು ಹೊಸ ವರಸೆ?" ಎಂದು ಛೇಡಿಸುತ್ತಿದ್ದರಂತೆ. ಅವನು ಮನೆಗೆ ಬಂದು ಅದನ್ನು ಹೇಳಿ ನನ್ನ ಮುಖ ನೋಡುತ್ತಿದ್ದ. ನಾನೇ ಹೋಗಿ ಹೇಳುತ್ತೇನೆ ಎನ್ನಲಿ ಎಂದು. ನಾನು ಎನ್ನಲಿಲ್ಲ. ಈ ಮೌನ ಎರಡನೆಯ ತಪ್ಪು, ಮೊದಲಿನದಕ್ಕಿಂತ ಉದ್ದವಾದದ್ದು. ಒಮ್ಮೆ ಮೆಡಿಕಲ್ ಸ್ಟೋರಿನಲ್ಲಿ ನೀನೇ ಎದುರಾದೆ. "ಮಂಡಿನೋವು ಹೇಗಿದೆ ಮೇಡಂ?" ಎಂದೆ. ಅಣಕವಿರಲಿಲ್ಲ ಅದರಲ್ಲಿ. "ಪರವಾಗಿಲ್ಲಮ್ಮ" ಎಂದು ಚಿಲ್ಲರೆಯನ್ನೂ ತೆಗೆದುಕೊಳ್ಳದೆ ಬಂದುಬಿಟ್ಟೆ.

ಈಚೆಗೆ ಲಕ್ಷ್ಮೀದೇವಮ್ಮನ ಮನೆಗೆ ಹೋಗಿದ್ದೆ. ಆಗಾಗ ಹಣ್ಣು ತೆಗೆದುಕೊಂಡು ಹೋಗುತ್ತಿದ್ದೆ. ಹೋದಾಗಲೆಲ್ಲ ಅವಳು ಕೈ ಮುಗಿಯುತ್ತಿದ್ದಳು. ಅವತ್ತು ನನ್ನ ಕೈ ಹಿಡಿದು, ತೊದಲುತ್ತ, ಒಂದೊಂದೇ ಪದ ಹುಡುಕಿ, "ನೀವು ಇಲ್ದಿದ್ರೆ... ನಾನು ಉಳೀತಿರ್ಲಿಲ್ಲ ಟೀಚರಮ್ಮ" ಎಂದಳು. ಇನ್ನು ತಡೆಯಲಾಗಲಿಲ್ಲ. ಸಭೆಯ ಸಂಗತಿ ಹೇಳಿದೆ. ಅವಳೂ ಆ ಸಭೆಯಲ್ಲಿ ಹೆಂಗಸರ ನಡುವೆ ಕೂತಿದ್ದವಳೇ. ಮೊದಲು ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ. ಅರ್ಥವಾದಾಗ ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ಹೋಗ್ಬನ್ನಿ" ಎಂದಳು. ಆ ಪದ ಮಾತ್ರ ತೊದಲದೆ ಬಂತು.

ಹೋದ ಭಾನುವಾರ ಮಾಲೀಕರ ಸಭೆಯಿತ್ತು. ಅದೇ ಭವನ. ನಾನೇ ಕೇಳಿ ಮೈಕು ತೆಗೆದುಕೊಂಡೆ. ಅವತ್ತು ನಸ್ರೀನ್ ಹೇಳಿದ್ದೆಲ್ಲ ನಿಜ ಎಂದೆ. ಆ ಪಾಠ ನಾನೇ ಮಾಡಿದ್ದು, ನೆನಪಿದ್ದೂ ಇಲ್ಲವೆಂದೆ, ಅವಳ ಮೇಲಿನ ಹೊಟ್ಟೆಕಿಚ್ಚಿಗೆ ಹಾಗೆಂದೆ ಎಂದೂ ಹೇಳಿದೆ. ಜನ ಕೂಗಾಡುತ್ತಾರೆ ಎಂದುಕೊಂಡಿದ್ದೆ. ಯಾರೂ ಕೂಗಾಡಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬರು ಎದ್ದು, ನಿಜವಾಗಿಯೂ ತಿಳಿದುಕೊಳ್ಳಬೇಕು ಎಂಬಂತೆ ಕೇಳಿದರು:

"ಆವಾಗ ಒಂದ್ ಹೇಳಿದ್ರಿ, ಈಗ ಇನ್ನೊಂದ್ ಹೇಳ್ತಿದೀರಿ. ನಾವು ಯಾವ್ದನ್ನ ನಂಬೋದು ಮೇಡಂ?"

ನಾನು ಅವತ್ತು ಕೆಡಿಸಿದ್ದು ಒಂದು ಬೇಡಿಕೆಯನ್ನಷ್ಟೇ ಅಲ್ಲ. ನಿಜ ಹೇಳುವಾಗಲೂ ಅದು ನನ್ನ ಇನ್ನೊಂದು ಅಭಿಪ್ರಾಯದಂತೆ ಅವರ ಕಿವಿಗೆ ಬೀಳುತ್ತಿತ್ತು.

"ನನ್ನನ್ನ ನಂಬಬೇಡಿ" ಎಂದೆ. "ನಸ್ರೀನ್ ಅವರನ್ನ ಕೇಳಿ. ಅವರು ಅವತ್ತಿಂದ ಇವತ್ತಿನವರೆಗೂ ಒಂದೇ ಮಾತು ಹೇಳ್ತಿದಾರೆ."

ತೀರ್ಮಾನ ಏನೂ ಆಗಲಿಲ್ಲ. ಕೆಲವರು ನಡುವೆಯೇ ಎದ್ದು ಹೋದರು.

ಅವರು ನಿನ್ನ ಬಳಿ ಬರುತ್ತಾರೋ ಇಲ್ಲವೋ, ಬಂದರೆ ನೀನು ಮಾತಾಡಬೇಕೋ ಬೇಡವೋ — ಅದನ್ನು ಹೇಳುವ ಹಕ್ಕನ್ನು ನಾನು ಕಳೆದುಕೊಂಡಿದ್ದೇನೆ. ಕ್ಷಮಿಸು ಎಂದೂ ಕೇಳುವುದಿಲ್ಲ. ಕೇಳಿದರೆ ನೀನು 'ಸರಿ ಮೇಡಂ' ಎಂದುಬಿಡುತ್ತೀಯೆ ಎಂಬ ಭಯ ನನಗೆ.

ಸೋಮವಾರದಿಂದ ಒಂದೊಂದೇ ಶೆಡ್ಡಿಗೆ ಹೋಗಿ, ಅವತ್ತು ನಾನು ಹೇಳಿದ್ದು ಸುಳ್ಳು, ನೀನು ಹೇಳಿದ್ದೇ ನಿಜ ಎಂದು ಹೇಳುತ್ತಿದ್ದೇನೆ. ಕೆಲವರು ಕುರ್ಚಿ ಹಾಕುತ್ತಾರೆ, ಕಾಫಿ ತರಿಸುತ್ತಾರೆ. ಕೆಲವರು ಮಗ್ಗ ನಿಲ್ಲಿಸುವುದೇ ಇಲ್ಲ. ನಾನು ಹೇಳುವುದಕ್ಕೆಲ್ಲ ಸುಮ್ಮನೆ ತಲೆಯಾಡಿಸುತ್ತಾರೆ. ಆ ಗದ್ದಲದಲ್ಲಿ ಕೇಳಿಸಿತೋ ಇಲ್ಲವೋ ತಿಳಿಯುವುದಿಲ್ಲ. ಹತ್ತಿರ ಹೋಗಿ, ಇನ್ನಷ್ಟು ಗಟ್ಟಿಯಾಗಿ, ಮತ್ತೊಮ್ಮೆ ಹೇಳುತ್ತೇನೆ.