ಕೋಟಿನೊಳಗಿದ್ದವರು

ಅವರ ಎಡಹೆಗಲು ಬಲಹೆಗಲಿಗಿಂತ ಒಂದು ಬೆರಳಷ್ಟು ಕೆಳಗಿತ್ತು. ವರ್ಷಗಟ್ಟಲೆ ಮದುವೆಮನೆಗಳಿಗೆ ಕ್ಯಾಮೆರಾ ಚೀಲ ಹೊತ್ತು ಹಾಗಾಯಿತು ಎನ್ನುತ್ತಿದ್ದರು. ಅಂಕೋಲೆಯ ಬಸ್ ನಿಲ್ದಾಣದಿಂದ ಸ್ವಲ್ಪ ಮುಂದೆ, ಕಡಿದಾದ ಮೆಟ್ಟಿಲು ಹತ್ತಿದರೆ ಸಿಗುವ ಒಂದೇ ಕೋಣೆ ಅವರ ಸ್ಟುಡಿಯೋ. ಎಲ್ಲರೂ ಅವರನ್ನು ಸ್ಟುಡಿಯೋ ಮಾಮ ಎಂದೇ ಕರೆಯುತ್ತಿದ್ದರು.

ಕಾರವಾರದಲ್ಲಿ ಪದವಿ ಮುಗಿಸಿ, ಮುಂದೆ ಓದಲು ಧಾರವಾಡಕ್ಕೆ ಅರ್ಜಿ ಹಾಕಲು ಫೋಟೋ ಬೇಕಾಗಿ ನಾನು ಅಲ್ಲಿಗೆ ಹೋದೆ. ಬೇಲೆಕೇರಿಯ ನಮ್ಮ ಮನೆಯಿಂದ ಅದೇ ಹತ್ತಿರ.

"ಗದ್ದ ಸ್ವಲ್ಪ ಕೆಳಗೆ, ತಂಗಿ. ನಗೂದು ಬೇಡ. ನಗ್ತೆ ಅಂದ್ಕೊ, ಸಾಕು."

ತೆಗೆದ ಮೇಲೆ ಕಂಪ್ಯೂಟರಿನ ಮುಂದೆ ಕುಳಿತು ಫೋಟೋ ಕಿರಿದು ಮಾಡುತ್ತ ಗೊಣಗಿದರು. "ಇಡೀ ಮನ್ಶ ಐವತ್ತು ಕೆಬಿ ಒಳಗೆ ಹಿಡೀಬೇಕಂತೆ."

ನನ್ನ ಹಿಂದೆ ಕಾಯುತ್ತಿದ್ದ ಹೆಂಗಸೊಬ್ಬಳು ತನ್ನ ಮಗಳ ಫೋಟೋವನ್ನು ಇನ್ನೂ ಬೆಳ್ಳಗೆ ಮಾಡಿಕೊಡಲು ಕೇಳಿದಳು. "ಒಂದು ಮೆಟ್ಲು ಮಾಡ್ತೆ ಅಕ್ಕಾ. ಎರಡು ಮೆಟ್ಲು ಮಾಡಿದ್ರೆ ನಾಳೆ ಗಂಡಿನ ಕಡೆಯವ್ರು ಇವ್ಳು ಯಾರು ಅಂತ ಕೇಳ್ತ್ರು," ಎಂದರು. ಆ ಹೆಂಗಸು ನಕ್ಕಳು, ಆದರೂ ಎರಡು ಮೆಟ್ಟಿಲೇ ಬೇಕೆಂದಳು.

ಅವರು ಎದ್ದು ಪ್ರಿಂಟರಿನ ಪಕ್ಕದಲ್ಲಿ ನನಗೆ ಎದುರಾಗಿ ನಿಂತರು. ಕೈಗಳು ಕೆಳಗೆ, ಮೈ ನೆಟ್ಟಗೆ. ಆಗ ಆ ಹೆಗಲನ್ನು ನೋಡಿದೆ. ಅದನ್ನು ನಾನು ಹುಟ್ಟಿದಾಗಿನಿಂದ ನೋಡುತ್ತ ಬಂದಂತಿತ್ತು.

ನಮ್ಮ ಮನೆಯ ಗೋಡೆಯಲ್ಲಿ ಅಪ್ಪ ಇದ್ದಾರೆ. ಕಪ್ಪು ಕೋಟು, ನೀಲಿ ಟೈ, ಎಡಕ್ಕೆ ಇಳಿದ ಹೆಗಲು. ಅವರು ಬಂದರದಲ್ಲಿ ಅದಿರು ತುಂಬುವ ಕೆಲಸ ಮಾಡುತ್ತಿದ್ದವರು. ನನಗೆ ನಾಲ್ಕು ವರ್ಷವಿದ್ದಾಗ ಜ್ವರ ಬಂದು ಹೋದರು. ಅವರದು ಅಂತ ನನಗೆ ಗೊತ್ತಿದ್ದುದು ಆ ಪಟ ಒಂದೇ. ಚಿಕ್ಕವಳಿದ್ದಾಗ ಕನ್ನಡಿಯ ಮುಂದೆ ನಿಂತು ನನ್ನ ಎಡಹೆಗಲನ್ನೂ ಇಳಿಸಿ ನೋಡಿಕೊಳ್ಳುತ್ತಿದ್ದೆ.

ಹೆಂಗಸು ಹೋಗುವವರೆಗೆ ಕಾದು, ನಮ್ಮ ಮನೆಯ ಪಟದ ಬಗ್ಗೆ ಕೇಳಿದೆ. ಅವರು ಮುಚ್ಚಿಡಲಿಲ್ಲ. ಸತ್ತವರ ಪಟ ಮಾಡಿಸಲು ಬರುವವರ ಬಳಿ ಹೆಚ್ಚಾಗಿ ಒಳ್ಳೆಯ ಫೋಟೋ ಇರುವುದಿಲ್ಲ. ಗುಂಪಿನಲ್ಲಿ ನಿಂತದ್ದೋ, ಗುರುತಿನ ಚೀಟಿಯದೋ ಇರುತ್ತದೆ. ಅದರಿಂದ ಮುಖವನ್ನಷ್ಟೇ ಕತ್ತರಿಸಿ, ಕಂಪ್ಯೂಟರಿನಲ್ಲಿ ಸಿದ್ಧವಿರುವ ಮೈಯೊಂದಕ್ಕೆ ಕೂಡಿಸುತ್ತಾರೆ. ಗಂಡಸರಿಗೆಂದು ಅವರೇ ಒಮ್ಮೆ ಕೋಟು ಹಾಕಿ ನಿಂತು ತೆಗೆಸಿಕೊಂಡಿದ್ದರು.

"ಕೋಟು ನಮ್ಮ ಬಾವಂದು. ಮೈ ನಂದು," ಎಂದರು.

"ಹೆಗಲು ಸರಿ ಮಾಡ್ಬಹುದಿತ್ತಲ್ಲ, ಮಾಮ?"

"ಮಾಡೂಕೆ ಬರ್ತಿತ್ತು. ಕಣ್ಣಿಗೇ ಬೀಳ್ಲಿಲ್ಲ. ನಾನು ಯಾವತ್ತೂ ಮುಖ ಮಾತ್ರ ನೋಡ್ದವ."

ಅಂದರೆ ನಮ್ಮ ತಾಲೂಕಿನ ಎಷ್ಟೋ ಮನೆಗಳಲ್ಲಿ ಎಷ್ಟೋ ಅಪ್ಪಂದಿರು ಅವರ ಮೈಯಲ್ಲಿ ನಿಂತಿದ್ದಾರೆ. ನನಗೆ ಸಿಟ್ಟು ಬರಲಿಲ್ಲ. ಬರಬೇಕಿತ್ತೇನೋ. ಮುಖ ಕತ್ತರಿಸಿದ ಆ ಫೋಟೋ ಇದೆಯೇ ಎಂದಷ್ಟೇ ಕೇಳಿದೆ. ನಮ್ಮಲ್ಲಿದ್ದ ಅದರ ಪ್ರತಿ ಯಾವುದೋ ಮಳೆಗಾಲದಲ್ಲಿ ಒದ್ದೆಯಾಗಿ ಅಂಟಿಕೊಂಡು ಹೋಗಿತ್ತು.

ಹಳೆಯದನ್ನೆಲ್ಲ ಅವರು ಸಿಡಿಗಳಲ್ಲಿ ತುಂಬಿ ಬಿಸ್ಕಿಟ್ ಡಬ್ಬಿಗಳಲ್ಲಿ ಇಟ್ಟಿದ್ದರು. ಹೊಸ ಕಂಪ್ಯೂಟರಿನಲ್ಲಿ ಸಿಡಿ ಹಾಕುವ ಜಾಗವೇ ಇರಲಿಲ್ಲ. ಡಬ್ಬಿಗಳನ್ನು ಬಸ್ಸಿನಲ್ಲಿ ಕಾರವಾರಕ್ಕೆ ಒಯ್ದು, ಕೋಡಿಬಾಗದ ಪರಿಚಯದವರೊಬ್ಬರ ಹಳೆಯ ಯಂತ್ರದಲ್ಲಿ ಒಂದೊಂದನ್ನೇ ಹಾಕಿ ನೋಡಿದರಂತೆ. ಮೂರು ತಿಂಗಳ ಮೇಲೆ ಫೋನ್ ಬಂತು. "ಸಿಕ್ತು ತಂಗಿ. ಬಾ."

ಪರದೆಯ ಮೇಲೆ ನಾಲ್ಕು ಜನ ಕೂಲಿಗಳು ಸಾಲಾಗಿ ನಿಂತಿದ್ದರು. ಎರಡನೆಯವರು ಅಪ್ಪ. ಅದಿರಿನ ಧೂಳಿಗೆ ಬನಿಯನ್ನು, ಲುಂಗಿ, ರೆಪ್ಪೆ ಎಲ್ಲ ಕೆಂಪು. ಕೂದಲು ಕಾಣದಂತೆ ತಲೆಗೆ ಪಂಜಿ ಬಟ್ಟೆ ಸುತ್ತಿಕೊಂಡಿದ್ದರು. ಹೆಗಲು ಎರಡೂ ಸಮ. ಒಂದು ಕೈ ಪಕ್ಕದವನ ಬೆನ್ನ ಮೇಲಿತ್ತು.

"ಹಾಗಾದ್ರೆ ಪಟದಲ್ಲಿರೋ ಕೂದಲು?"

"ಅದೂ ನಾನು ಹಾಕಿದ್ದು," ಎಂದರು. ಫೋಟೋವನ್ನು ಪರದೆಯ ತುಂಬ ಹಿಗ್ಗಿಸಿ, "ದೊಡ್ಡದು ಮಾಡಿ ಕೊಡ್ಲಾ? ಗೋಡೆಗೆ?" ಎಂದು ಕೇಳಿದರು. ಅಮ್ಮನನ್ನು ಕೇಳಿ ಹೇಳುತ್ತೇನೆ ಎಂದು, ಪರದೆಯ ಮೇಲಿದ್ದುದನ್ನು ಮೊಬೈಲಿನಲ್ಲಿ ತೆಗೆದುಕೊಂಡೆ.

ಅಮ್ಮ ನನ್ನ ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದಳು. ಗೋಡೆಯ ಮೇಲಿನ ಮೈ ಯಾರದೆಂದೂ ಹೇಳಿದೆ. ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

"ಇದನ್ನ ಗೋಡೆಗೆ ಹಾಕುದು ಬೇಡ."

"ಇದೇ ನಿಜವಾದ್ದು, ಅಮ್ಮಾ."

"ಗೊತ್ತಿತ್ತು ನಂಗೆ. ದಿನಾ ಆ ಬನಿಯನ್ನು ತಿಕ್ಕಿದವ್ಳು ನಾನು. ಎಷ್ಟು ತಿಕ್ಕಿದ್ರೂ ಕೆಂಪು ಹೋಗ್ತಿರ್ಲಿಲ್ಲ. ಸತ್ತ ಮೇಲಾದ್ರೂ ಮೈಮೇಲಿನ ಧೂಳು ಇಳೀಲಿ ಅಂತ್ಲೇ ಕೋಟು ಹಾಕ್ಸಿದ್ದು. ಇರ್ಲಿ ಅದು."

ಮರುದಿನ ಮಾಮನಿಗೆ ಅದನ್ನೇ ಹೇಳಿದೆ. ಪೆನ್‌ಡ್ರೈವಿಗೆ ಆ ಫೋಟೋ ಹಾಕುತ್ತಿದ್ದವರು ತಿರುಗಿ ನೋಡಲಿಲ್ಲ.

"ಅಡ್ಡಿಲ್ಲ. ಅವ್ರು ಹೇಳಿದ್ದೇ ಸಮ," ಎಂದರು. "ಎರಡೂ ನಿಮ್ಮಪ್ಪನೇ. ಒಂದ್ರಲ್ಲಿ ನಾನೂ ಸ್ವಲ್ಪ ಸೇರ್ಕಂಡೆ, ಅಷ್ಟೇ."

ಕೆಂಪು ಬನಿಯನ್ನಿನ ಅಪ್ಪ ಈಗ ನನ್ನ ಫೋನಿನಲ್ಲಿದ್ದಾರೆ. ತೆರೆದು ನೋಡುವುದು ಕಡಿಮೆ. ಇದ್ದಾರೆ ಎಂಬುದು ಗೊತ್ತಿದ್ದರೆ ಸಾಕಾಗುತ್ತದೆ. ಅದನ್ನು ಹುಡುಕಿಕೊಟ್ಟವರಿಗೆ ನಾನು ಸರಿಯಾಗಿ ಒಂದು ಮಾತನ್ನೂ ಹೇಳಿರಲಿಲ್ಲ.

ಮಾಮ ತೀರಿಕೊಂಡದ್ದು ನಾನು ಧಾರವಾಡದಲ್ಲಿದ್ದಾಗ. ಊರಿನ ಗೆಳತಿಯ ವಾಟ್ಸಾಪ್ ಸ್ಟೇಟಸ್‌ನಲ್ಲಿ ತಿಳಿಯಿತು. ಹೂವಿನ ಚೌಕಟ್ಟು, ಕೆಳಗೆ ಓಂ ಶಾಂತಿ. ಮುಖವನ್ನು ಯಾವುದೋ ಆ್ಯಪ್ ಎರಡಲ್ಲ, ನಾಲ್ಕು ಮೆಟ್ಟಿಲು ಬೆಳ್ಳಗೆ ಮಾಡಿತ್ತು. ಚಿತ್ರ ಕೊರಳಿನ ಬಳಿಯೇ ಮುಗಿದಿತ್ತು. ನೋಡಿದೆ. ಮುಂದಿನ ಸ್ಟೇಟಸ್ ತಾನಾಗಿಯೇ ಬಂತು, ಯಾರದೋ ಹುಟ್ಟುಹಬ್ಬ. ಸಂಜೆ ಎಂದಿನಂತೆ ಊಟಕ್ಕೆ ಹೋದೆ.

ರಜೆಗೆ ಮನೆಗೆ ಬಂದಾಗ ಅಮ್ಮ ದೀಪ ಹಚ್ಚುವ ಹೊತ್ತು.

"ಸ್ಟುಡಿಯೋ ಮಾಮ ಹೋದ್ರಂತೆ," ಎಂದೆ.

"ಹೌದಾ," ಎಂದಳು. ಸೆರಗಿನ ತುದಿಯಿಂದ ಪಟದ ಗಾಜನ್ನು ಒರೆಸಿದಳು. ದಿನವೂ ಅವಳು ಒರೆಸುವುದು ಮುಖದ ಮೇಲಷ್ಟೇ. ಅಂದು ಕೆಳಗಿನ ಕೋಟನ್ನೂ ಒರೆಸಿದಳು.