ಬಸ್ಸಿನಲ್ಲಿ ಕೇಳಿಸಿದ ನನ್ನ ಪಾಠ

ದೊಡ್ಡಬಳ್ಳಾಪುರದ ಕಾಲೇಜೊಂದರಲ್ಲಿ ಪದವಿ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತೇನೆ. ಕಲಿಸುತ್ತೇನೆ ಅನ್ನುವುದು ದೊಡ್ಡ ಮಾತು. ನಾನೊಬ್ಬಳೇ ಮಾತಾಡುತ್ತೇನೆ, ಅವರು ಬಾಯಿಗೆ ಕಡುಬು ತುರುಕಿಕೊಂಡವರ ಹಾಗೆ ಕೂತಿರುತ್ತಾರೆ. ಹೊರಗೆ ಕಿವಿ ಕಿತ್ತುಹೋಗುವಷ್ಟು ಗಲಾಟೆ, ನಾನು ಒಳಗೆ ಕಾಲಿಟ್ಟ ಕೂಡಲೇ ಮೌನವ್ರತ.

ಕೊನೆಯ ಬೆಂಚಿನ ಒಬ್ಬ ಹುಡುಗಿಯಂತೂ ನನಗೆ ತಲೆ ಚಿಟ್ಟು ಹಿಡಿಸಿದ್ದಳು. ದೇವನಹಳ್ಳಿ ಹತ್ತಿರದ ವಿಜಯಪುರದವಳು, ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ. ಹಿಂದಿನ ಸಲ ಮೌಖಿಕ ಪರೀಕ್ಷೆಯಲ್ಲಿ ತುಟಿ ಬಿಚ್ಚದೆ ಫೇಲಾಗಿದ್ದಳು. ಶುಕ್ರವಾರವೂ ಹಾಗೇ ಆದರೆ ಈ ವರ್ಷ ಡಿಗ್ರಿ ಇಲ್ಲ. "ತಪ್ಪಾದರೂ ಪರವಾಗಿಲ್ಲ, ಧೈರ್ಯವಾಗಿ ಮಾತಾಡಮ್ಮ" ಎಂದು ಎಷ್ಟು ಗೋಗರೆದೆನೋ! ಎದ್ದು ನಿಂತು ಬೆಂಚಿನ ಅಂಚು ಕೆರೆಯುತ್ತಿದ್ದಳು, ಅಷ್ಟೆ.

ಬುಧವಾರ ಸಂಜೆ ದೇವನಹಳ್ಳಿಯ ಕಡೆ ಹೋಗುವ ಬಸ್ಸಿನಲ್ಲಿ ಮುಂದೆ ಕೂತಿದ್ದೆ. ಹಿಂದಿನಿಂದ ನನ್ನದೇ ಧಾಟಿ ಕೇಳಿಸಿತು. "ಸ್ಪೀಕ್ ಫ್ರೀಲಿ, ಮೈ ಡಿಯರ್ ಸ್ಟೂಡೆಂಟ್ಸ್! ಐ ಆಮ್ ನಾಟ್ ಎ ಟೈಗರ್!" ತಿರುಗಿ ನೋಡಿದರೆ ಅವಳೇ! ಒಂದಿಷ್ಟೂ ತಡವರಿಸದೆ ಪಟಪಟ ಇಂಗ್ಲಿಷು. ಗೆಳತಿಯೊಬ್ಬಳು ಎದ್ದು, "ಮೇಡಂ, ಮೈ ವಿಲೇಜ್..." ಎಂದು ಶುರು ಮಾಡುವಷ್ಟರಲ್ಲಿ ಇವಳು ಕೈ ಬೀಸಿದಳು. "ನೋ, ನೋ, ನೋ! ರಾಂಗ್! ಸಿಟ್ ಡೌನ್! ನೆಕ್ಸ್ಟ್!"

"ಥೇಟ್ ಮೇಡಮ್ಮೇ ಕಣೇ!" ಎಂದು ಹಿಂದಿನ ಸೀಟೆಲ್ಲ ಬಿದ್ದು ಬಿದ್ದು ನಕ್ಕಿತು. ನನಗೆ ಮೈಯೆಲ್ಲ ಉರಿಯಿತು. ಇಳಿದು ಮನೆಗೆ ನಡೆಯುವಾಗ ಲೆಕ್ಕ ಹಾಕಿದೆ. ನನ್ನ ತರಗತಿಯಲ್ಲಿ ಯಾರಾದರೂ ಒಂದು ವಾಕ್ಯ ಪೂರ್ತಿ ಮುಗಿಸಿದ್ದುಂಟೇ? ಒಬ್ಬರೂ ನೆನಪಾಗಲಿಲ್ಲ. ನಾಚಿಕೆಯಾಯಿತು.

ಮರುದಿನ ಅವಳನ್ನು ಕರೆದು, ನಿನ್ನೆ ಬಸ್ಸಿನಲ್ಲಿ ನಾನೂ ಇದ್ದೆ ಎಂದೆ. ಬೈಯುತ್ತೇನೆಂದುಕೊಂಡು, "ಸಾರಿ ಮೇಡಂ, ಸುಮ್ನೆ ತಮಾಷೆಗೆ ಮಾಡ್ಬಿಟ್ಟೆ" ಅಂದಳು.

"ನಾಳೆ ಪರೀಕ್ಷೇಲಿ, ಬಸ್ಸಲ್ಲಿ ಮಾತಾಡ್ದಂಗೇ ಮಾತಾಡು. ನಾನು ಮಧ್ಯ ಬಾಯಿ ಹಾಕಲ್ಲ, ಆಣೆಗೂ."

ನಕ್ಕು, "ಮಾತಾಡ್ತೀನಿ ಮೇಡಂ" ಅಂದಳು.

ಶುಕ್ರವಾರ ಹೊರಗಿನಿಂದ ಬಂದ ಪರೀಕ್ಷಕರ ಪಕ್ಕದಲ್ಲಿ ನಾನೂ ಕೂತಿದ್ದೆ. ಅವಳು ಎದ್ದು ತನ್ನ ಊರಿನ ಬಗ್ಗೆ ಹೇಳತೊಡಗಿದಳು. ಎರಡು ವಾಕ್ಯ ಚೆನ್ನಾಗಿಯೇ ಬಂದವು. ಮೂರನೆಯದರಲ್ಲಿ ಎಡವಿದಳು. "ನೋ" ನನ್ನ ನಾಲಿಗೆಯ ತುದಿಗೆ ಬಂದಿತ್ತು. ತುಟಿ ಕಚ್ಚಿ ಹಿಡಿದೆ. ಅವಳು ನನ್ನ ಮುಖ ನೋಡಿದಳು.

ಬಾಯಿಂದ ಹೊರಡದ "ನೋ" ಅಲ್ಲಿ ಕಂಡಿತೇನೋ, ಅವಳೇ ಕೂತುಬಿಟ್ಟಳು.

ಪರೀಕ್ಷಕರು ಪಟ್ಟಿಯ ಮೇಲೆ ಬೆರಳಾಡಿಸಿ, "ನೆಕ್ಸ್ಟ್" ಅಂದರು.