ಶ್ಯಾಮಲಮ್ಮನವರ ಕುರ್ಚಿ

ಶ್ರೀನಿವಾಸಪುರದ ನಮ್ಮ ರೇಷ್ಮೆ ಬೆಳೆಗಾರರ ಸಂಘಕ್ಕೆ ಕಂಪ್ಯೂಟರ್ ಬಂದದ್ದು ಎಂಬತ್ತೆಂಟರ ದಸರೆಯ ಹೊತ್ತಿಗೆ. ಅದನ್ನು ನಡೆಸುವುದನ್ನು ಬೆಂಗಳೂರಿಗೆ ಹೋಗಿ ಕಲಿತು ಬಂದವರು ಟೈಪಿಸ್ಟ್ ಶ್ಯಾಮಲಮ್ಮ. ಟೇಕಲ್ ಕಡೆಯವರು. ಚಿಕ್ಕ ವಯಸ್ಸಿಗೇ ಗಂಡ ಹೋಗಿ, ಮಾವನ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಲೇ ಟೈಪಿಂಗ್ ಪರೀಕ್ಷೆ ಕಟ್ಟಿ ಕೆಲಸಕ್ಕೆ ಸೇರಿದವರು. ಕಂಪ್ಯೂಟರಿನ ಮುಂದಿನ ಹೊಸ ಕುರ್ಚಿಗೆ ತಾವೇ ಹೊಲಿದ ಕವಚ ತಂದು ಹಾಕಿದ್ದರು. ಅವರು ಏನನ್ನಾದರೂ ಬಯಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಬೆಂಗಳೂರಿನಲ್ಲಿ ಓದಿ, ಮದುವೆಯಾಗಿ ಈ ಊರಿಗೆ ಬಂದು ಇದೇ ಸಂಘದಲ್ಲಿ ಕೆಲಸಕ್ಕಿದ್ದ ನನಗೆ ಮಗುವಾದ ಮೇಲೆ ಎಲ್ಲದಕ್ಕೂ ಹೆದರಿಕೆ. ನೊಣ ಕಂಡರೂ ಹೆದರಿಕೆ, ಮಗು ಹೆಚ್ಚು ಹೊತ್ತು ಮಲಗಿದರೂ ಹೆದರಿಕೆ. ಕೂಸನ್ನು ಮನೆಯಲ್ಲಿ ಬಿಡಲಾರದೆ ಆಫೀಸಿಗೇ ತರುತ್ತಿದ್ದೆ. ಹಿಂದಿನ ಕೋಣೆಯಲ್ಲಿ ಹಳೇ ಸೀರೆಯ ಜೋಲಿ ಕಟ್ಟಿಕೊಟ್ಟವರು ಶ್ಯಾಮಲಮ್ಮನವರೇ. ಗಳಿಗೆಗೊಮ್ಮೆ ಇಣುಕುವ ನನ್ನನ್ನು, "ಉಸಿರಾಡ್ತಾ ಇದೆ ಕಣೇ, ಹೋಗಿ ಕೆಲಸ ನೋಡು" ಎಂದು ಅಟ್ಟುತ್ತಿದ್ದರು.

ಆಯುಧಪೂಜೆಯ ದಿನ ಸೆಕ್ರೆಟರಿ ಕೋದಂಡರಾಮಪ್ಪನವರ ಹೆಂಡತಿ ಅನಸೂಯಮ್ಮ ಬಂದು ಕಂಪ್ಯೂಟರಿಗೆ, ಪ್ರಿಂಟರಿಗೆ, ಬಿಲ್ಲಿನ ಪ್ರೋಗ್ರಾಮು ತುಂಬಿದ್ದ ಐದು ಫ್ಲಾಪಿಗಳಿಗೆ ಧಾರಾಳವಾಗಿ ಅರಿಶಿನ ಕುಂಕುಮ ಇಟ್ಟರು. ಶ್ಯಾಮಲಮ್ಮ ಯಾರೂ ಹೇಳುವ ಮೊದಲೇ ವರಾಂಡಕ್ಕೆ ಹೋಗಿ ನಿಂತಿದ್ದರು. ಮಂಗಳಾರತಿ ಮುಗಿದ ಮೇಲೆ ಒಳಗೆ ಬಂದು ಕುರ್ಚಿಯಲ್ಲಿ ಕೂತರು.

ಒಂದೊಂದೇ ಫ್ಲಾಪಿ ಹಾಕಿ ಪ್ರೋಗ್ರಾಮನ್ನು ಯಂತ್ರದೊಳಕ್ಕೆ ಇಳಿಸಬೇಕು. ಎರಡು ಇಳಿದವು. ಮೂರನೆಯದು ಗರಗರ ಸದ್ದು ಮಾಡಿ ನಿಂತಿತು. ಮತ್ತೆ ಮೊದಲಿನಿಂದ ಹಾಕಿದರು. ಮತ್ತೆ ನಿಂತಿತು.

"ಮೊದಲ ಕೈ ಯಾರ್ದು ಅಂತ ನೋಡ್ಕೋಬೇಕಿತ್ತು ಸಾರ್," ಎಂದ ಅಟೆಂಡರ್ ಸೀನಪ್ಪ, ಗೋಡೆಗೆ ಹೇಳುವವನ ಹಾಗೆ.

ಕೋದಂಡರಾಮಪ್ಪನವರು ಮುಖ ಒರೆಸಿಕೊಂಡರು. "ತಪ್ಪು ತಿಳ್ಕೋಬೇಡಿ ಶ್ಯಾಮಲಮ್ಮ. ಸೋಮವಾರ ರೈತ್ರಿಗೆ ಇದ್ರಲ್ಲೇ ಬಿಲ್ ಕೊಡ್ತೀವಿ ಅಂದ್ಬಿಟ್ಟಿದೀವಿ. ಒಂದ್ಸಲ ಗಂಗರತ್ನಮ್ಮನ ಕೈಲಿ ಹಾಕ್ಸೋಣ."

ಗಂಗರತ್ನಮ್ಮ ನಮ್ಮ ಗುಮಾಸ್ತೆ, ಮುತ್ತೈದೆ. ಅವಳು ಮೊದಲಿನಿಂದ ಹಾಕಿದಳು. ಮೂರನೆಯದರಲ್ಲೇ ನಿಂತಿತು.

"ಒಂದ್ಸಲ ಕೆಟ್ ಕೈ ಬಿದ್ಮೇಲೆ ಇನ್ನೇನು!" ಎಂದ ಸೀನಪ್ಪ.

ಪ್ರೋಗ್ರಾಮು ಇಳಿಸುವಾಗ ಯಂತ್ರ ತಾನು ಮಾಡಿದ್ದನ್ನೆಲ್ಲ ಸಾಲುಸಾಲಾಗಿ ಬರೆದಿಡುತ್ತದೆ. ಲಾಗ್ ಫೈಲ್ ಅನ್ನುತ್ತಾರೆ. ಮರುಸಲ ಅದರ ಮೇಲೆಯೇ ಬರೆದು ಹಳೆಯದನ್ನು ಅಳಿಸಿಬಿಡುತ್ತದೆಂದು ಶ್ಯಾಮಲಮ್ಮ ಪ್ರತಿ ಸಲದ್ದನ್ನೂ ಬೇರೆ ಹೆಸರಿನಲ್ಲಿ ಉಳಿಸಿದ್ದರು. ಮೂರನ್ನೂ ಪ್ರಿಂಟ್ ತೆಗೆದು, ಕಿಟಕಿಯ ಬೆಳಕಿನಲ್ಲಿ ಪಕ್ಕಪಕ್ಕ ಹರಡಿದರು.

"ನೋಡಿ ಸಾರ್. ಎರಡು ಡಿಸ್ಕು ನನ್ನ ಕೈಯಲ್ಲೇ ಸರಿಯಾಗಿ ಇಳಿದಿದೆ. ಮೂರನೇದ್ರಲ್ಲಿ ಈ ಫೈಲು ಓದಕ್ಕಾಗಲಿಲ್ಲ ಅಂತ ಬರೆದಿದೆ. ಗಂಗರತ್ನಮ್ಮ ಹಾಕ್ದಾಗ್ಲೂ ಅದೇ ಫೈಲು, ಅದೇ ಸಾಲು. ಮಿಷನ್ ಕೆಟ್ಟಿದ್ರೆ ಒಂದೊಂದ್ಸಲ ಒಂದೊಂದ್ಕಡೆ ನಿಲ್ತಿತ್ತು. ಕೈ ಅಲ್ಲ ಸಾರ್, ಡಿಸ್ಕು."

ಫ್ಲಾಪಿ ಹೊರತೆಗೆದು ಬೆಳಕಿಗೆ ಹಿಡಿದರು. ಅದರ ಹೊದಿಕೆಯಲ್ಲಿ ಒಂದು ಉದ್ದನೆಯ ಕಂಡಿ. ಯಂತ್ರ ಓದುವುದು ಅಲ್ಲಿಂದಲೇ. ಆ ಕಂಡಿಯೊಳಗೆ ಕೆಂಪಗೆ ಕುಂಕುಮ ಉದುರಿ, ಕಪ್ಪು ತಟ್ಟೆಯ ಮೇಲೆ ದುಂಡಗೆ ಗೀರು ಬಿದ್ದಿತ್ತು.

ಕೋದಂಡರಾಮಪ್ಪನವರು ಬಗ್ಗಿ ನೋಡಿ, "ಒಳ್ಳೇದಾಗ್ಲಿ ಅಂತಾನೇ ಇಟ್ಟಿದ್ದಲ್ವಾ ನಮ್ಮನೇವ್ಳು," ಎಂದರು. ಸೀನಪ್ಪ ಕಾಫಿ ತರುವ ನೆಪದಲ್ಲಿ ಜಾಗ ಖಾಲಿ ಮಾಡಿದ.

ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ಕಂಪನಿಯವನು ಹೊಸ ಡಿಸ್ಕು ತಂದು, ಯಂತ್ರವನ್ನೂ ಒರೆಸಿ ಕೊಟ್ಟು ಹೋದ. ಶ್ಯಾಮಲಮ್ಮನವರೇ ಐದನ್ನೂ ಇಳಿಸಿದರು. ಲಾಗ್ ಪ್ರಿಂಟ್ ತೆಗೆದು ಕೊನೆಯ ಸಾಲು ನನಗೆ ತೋರಿಸಿದರು: ಎಲ್ಲ ಸರಿಯಾಗಿದೆ. ಅವರ ಕಣ್ಣು ತುಂಬಿತ್ತು.

ಅಷ್ಟರಲ್ಲಿ ರೈತರು ಬಂದು ಕೌಂಟರಿನ ಮುಂದೆ ನೆರೆದರು. ಕೋದಂಡರಾಮಪ್ಪನವರು ಹತ್ತಿರ ಬಂದು ದನಿ ತಗ್ಗಿಸಿದರು.

"ನೀವು ಹೇಳಿದ್ದೇ ನಿಜ ಅಮ್ಮ, ಇಲ್ಲ ಅನ್ನಲ್ಲ. ಆದ್ರೆ ಮೊದಲ್ನೇ ಬಿಲ್ಲು... ಜನ ನೋಡ್ತಾರೆ. ಗಂಗರತ್ನಮ್ಮ ಕೂತ್ಕೊಳ್ಲಿ. ಇವತ್ತೊಂದಿನ."

ಶ್ಯಾಮಲಮ್ಮ ಎದ್ದರು. ಕುರ್ಚಿಯ ಕವಚ ಸರಿಮಾಡಿ ಬಿಟ್ಟುಕೊಟ್ಟರು. ನನಗೆ ತಡೆಯಲಾಗಲಿಲ್ಲ. "ಅಕ್ಕಾ, ಆ ಲಾಗ್ ಎಲ್ಲಾ ರೈತರ ಮುಂದೆ ಹಿಡೀರಿ!"

"ಅದು ಡಿಸ್ಕಿನ ತಪ್ಪು ತೋರಿಸ್ತು ಕಣೇ. ಅಷ್ಟೇ ಅದರ ಕೈಲಾಗೋದು," ಎಂದು ಹಿಂದಿನ ಕೋಣೆಗೆ ಹೋದರು.

ಪ್ರಿಂಟರ್ ಕಿರ್ರೆಂದಿತು. ರೈತರು ಚಪ್ಪಾಳೆ ಹೊಡೆದರು. ಮಗು ಬೆಚ್ಚಿ ಅತ್ತಿತೆಂದು ನಾನು ಓಡಿದೆ. ಶ್ಯಾಮಲಮ್ಮ ಆಗಲೇ ಅದನ್ನು ಮಡಿಲಿಗೆ ಎತ್ತಿಕೊಂಡು, "ಬರೀ ಶಬ್ದ ಕಣೋ, ಬರೀ ಶಬ್ದ" ಎನ್ನುತ್ತ ಬೆನ್ನು ಸವರುತ್ತಿದ್ದರು.

"ಶ್ಯಾಮಲಕ್ಕಾ, ನಿಂತೋಯ್ತು! ಈಗ ಯಾವ ಬಟನ್ ಒತ್ಲಿ?" ಹೊರಗಿನಿಂದ ಗಂಗರತ್ನಮ್ಮ ಕೂಗಿದಳು.

ಅವರು ಏಳಲಿಲ್ಲ. ಕೂತಲ್ಲಿಂದಲೇ ಹೇಳಿಕೊಟ್ಟರು. ಪ್ರಿಂಟರ್ ಮತ್ತೆ ನಡೆಯತೊಡಗಿತು.